ಶಾಯಿಯ ಪೆಟ್ಟು, ಸೀಲಿನ ಪೆಟ್ಟು

“ಈ ಕೈಗೆ ಬುದ್ಧಿ ಹೇಳೋರು ಯಾರಪ್ಪಾ?”

ಮನೆಯ ಹಿಂದಿನ ಷೆಡ್ಡಿನಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಡ್ರಮ್‌ಸೆಟ್ಟಿನ ಹಿಂದೆ ಕೂತಿದ್ದ ಅಂಚೆ ಕಚೇರಿಯ ಗುಮಾಸ್ತೆ ತನ್ನ ಬಲಗೈಯನ್ನೇ ದುರುಗುಟ್ಟಿ ನೋಡಿದಳು. ಇಪ್ಪತ್ತೆರಡು ವರ್ಷ ಕಾಗದಗಳಿಗೆ ಸೀಲು ಒತ್ತಿದ ಕೈ ಅದು. ಕಚೇರಿಯಲ್ಲಿ ಅವಳನ್ನು ಕರೆಯುತ್ತಿದ್ದದ್ದೇ ಸೀಲಮ್ಮ ಎಂದು. ತಾಳದ ಮೇಲೆ ಹೊಡೆ ಎಂದರೆ ಆ ಕೈ ಗೋಡೆಗೆ ಮೊಳೆ ಜಡಿದಂತೆ ಹೊಡೆಯುತ್ತಿತ್ತು. ಎರಡು ತಾಳಗಳ ನಡುವಿನ ಸಂದಿಯಲ್ಲಿ ಹೊಡೆ ಎಂದರೆ ಮಾತ್ರ ಹಟ ಹಿಡಿದ ಕತ್ತೆಯ ಹಾಗೆ ಮತ್ತೆ ತಾಳದ ಮೇಲೆಯೇ ಬಂದು ನಿಲ್ಲುತ್ತಿತ್ತು.

ಶನಿವಾರ ಸಂಜೆ ಪೋಸ್ಟ್‌ಮಾಸ್ಟರರ ಬೀಳ್ಕೊಡುಗೆ. ಗಂಡನ ಹಾಡು, ಭಾವನ ಕೀಬೋರ್ಡು, ಇವಳ ಡ್ರಮ್ಮು. ಕೊನೆಯ ಹಾಡಿನ ಸೊಗಸೆಲ್ಲ ಆ ಸಂದಿಯ ಪೆಟ್ಟಿನಲ್ಲೇ ಇತ್ತು. ಸೋಮವಾರ ಸಂಜೆ ಭಾವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

“ನೋಡಮ್ಮಾ, ಬೇಜಾರು ಮಾಡ್ಕೋಬೇಡ. ಶನಿವಾರ ಬೆಳಿಗ್ಗೆ ರಿಹರ್ಸಲ್‌ನಲ್ಲೂ ಸರಿಹೋಗ್ಲಿಲ್ಲ ಅಂದ್ರೆ ಕೀಬೋರ್ಡಲ್ಲಿರೋ ರೆಡಿಮೇಡ್ ತಾಳಾನೇ ಹಾಕ್ಕೋತೀನಿ. ಒಂದು ಗುಂಡಿ ಒತ್ತಿದ್ರೆ ಆಯ್ತು. ಅದು ನಡುನಡುವೆ ಟೀನೂ ಕೇಳಲ್ಲ.”

“ಗುಂಡಿ ಒತ್ತೋದೇ ಆದ್ರೆ ನಿಮ್ಮನ್ನೂ ಬಿಟ್ಟು ಲಿಫ್ಟ್ ನಡೆಸೋನನ್ನೇ ಕರ್ಕೊಂಡು ಬರಬಹುದಲ್ಲ ಭಾವ” ಎಂದು ಬಾಯಿ ಹೇಳಿತ್ತು. ಆದರೆ ಡ್ರಮ್ಮಿನ ಹಿಂದೆ ನಾಲ್ಕು ವರ್ಷದಿಂದ ತನ್ನದಾಗಿದ್ದ ಸ್ಟೂಲನ್ನು ಯಾರೋ ಎಳೆದುಕೊಂಡಂತಾಗಿತ್ತು.

ಟಿಕ್ ಟಿಕ್ ಎನ್ನುವ ಲಯದ ಯಂತ್ರವನ್ನು ನಿಧಾನ ವೇಗಕ್ಕೆ ಇಟ್ಟು ಅವಳು ಬಾಯಿಬಿಟ್ಟು ಎಣಿಸುತ್ತಿದ್ದಳು: ಒಂ-ದು, ಎರ-ಡು, ಮೂ-ರು, ನಾಲ್-ಕು. ಪ್ರತಿ ಎಣಿಕೆಗೂ ಒಂದು ತಲೆ, ಒಂದು ಬಾಲ. ತಲೆ ಟಿಕ್ಕಿನ ಮೇಲೆ ಬೀಳಬೇಕು, ಕೋಲು ಬಾಲದ ಮೇಲೆ. ಬಾಯಿ ಮಾತು ಕೇಳಿತು, ಕೈ ಕೇಳಲಿಲ್ಲ. ಮಂಗಳವಾರವೂ ಅದೇ ಹಾಡು.

ಬುಧವಾರ ಕಚೇರಿಯಲ್ಲಿ ಲಕೋಟೆಗಳ ರಾಶಿ ಬಿದ್ದಿತ್ತು. ಸೀಲು ಶಾಯಿ ಪ್ಯಾಡಿಗೆ ಮೆತ್ತಗೆ, ಲಕೋಟೆಗೆ ಗಟ್ಟಿಯಾಗಿ. ಎಣಿಕೆ ಬಾಯಿಗೆ ಅಂಟಿಕೊಂಡಿತ್ತಲ್ಲ, ಗೊಣಗುತ್ತಲೇ ಒತ್ತುತ್ತಿದ್ದಳು. ‘ಒಂ’ ಎನ್ನುವಾಗ ಸೀಲು ಪ್ಯಾಡಿಗೆ ಹೋಯಿತು. ‘ದು’ ಎನ್ನುವಾಗ ಲಕೋಟೆಯ ಮೇಲೆ ಬಿತ್ತು.

ಕೈ ಅಲ್ಲೇ ನಿಂತಿತು. ಇಷ್ಟು ವರ್ಷ ಲಕೋಟೆಯ ಸದ್ದೇ ತಾಳ ಎಂದುಕೊಂಡಿದ್ದಳು. ಸದ್ದಿಲ್ಲದ ಪ್ಯಾಡನ್ನು ತಾಳ ಎಂದುಕೊಂಡರೆ, ಈ ಕೈ ದಿನವಿಡೀ ಹೊಡೆಯುತ್ತಿದ್ದದ್ದು ಸಂದಿಯಲ್ಲೇ!

“ಏನ್ ಮೇಡಂ, ಸೀಲು ಕೆಟ್ಟೋಯ್ತಾ?” ಸರದಿಯಲ್ಲಿದ್ದವರೊಬ್ಬರು ಕೇಳಿದರು.

“ಇಲ್ಲ ಸ್ವಾಮಿ, ಈಗ ಸರಿಹೋಯ್ತು.”

ಅಂದು ಸಂಜೆ ತೊಡೆಯ ಮೇಲೆ ಮಡಿಸಿದ ಟವಲ್ಲು ಹಾಸಿಕೊಂಡಳು. ಟವಲ್ಲಿಗೆ ಶಾಯಿಯ ಪೆಟ್ಟು, ಡ್ರಮ್ಮಿಗೆ ಸೀಲಿನ ಪೆಟ್ಟು. ಒಗೆದ ಬಟ್ಟೆ ಮಡಿಸುತ್ತ ಅತ್ತೆ ಬಾಗಿಲಲ್ಲಿ ಕೂತರು. ತುಸು ಹೊತ್ತು ಕೇಳಿ ಅಂದರು: “ಅವಸರ ಮಾಡ್ತಿದ್ದೀಯ ಕಣೆ.”

“ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?”

“ನಮ್ಮಪ್ಪ ಪದ್ಯ ಓದುವಾಗ ಒಂದೊಂದು ಕಡೆ ಸುಮ್ನೆ ನಿಂತುಬಿಡೋರು. ಆ ಸುಮ್ಮನಿರೋದೂ ಪದ್ಯದ್ದೇ ಅಂತ ನಾವು ಉಸಿರು ಬಿಗಿಹಿಡಿದು ಕೂತಿರ್ತಿದ್ವಿ. ನೀನು ಆ ಜಾಗಾನ ಹಾರಿಕೊಂಡು ಓಡ್ತಿದ್ದೀಯ. ದೇವರ ಮುಂದೆ ನಿಂತ ಹಾಗೆ ನಿಲ್ಲು ಅಲ್ಲಿ.”

ನಿಂತಳು. ಗುರುವಾರ ಟವಲ್ಲು ತೆಗೆದಳು. ಶಾಯಿಯ ಪೆಟ್ಟನ್ನು ಪಾದ ವಹಿಸಿಕೊಂಡು ದೊಡ್ಡ ಡ್ರಮ್ಮಿಗೆ ಒದ್ದಿತು. ಶುಕ್ರವಾರ ಪಾದವನ್ನೂ ಸುಮ್ಮನಾಗಿಸಿದಳು. ಹಾಡಿನ ಮೂರನೇ ಸಾಲಿಗೆ ಬೇಕಿದ್ದದ್ದು ಅದೇ: ತಾಳ ಮನಸ್ಸಿನಲ್ಲಿ ಮಾತ್ರ, ಸದ್ದೆಲ್ಲ ಸಂದಿಯಲ್ಲಿ. ಆಮೇಲೆ ಯಂತ್ರವೂ ಎರಡು ಸುತ್ತು ಬಾಯಿ ಮುಚ್ಚಿ ತಾನಾಗೇ ಮತ್ತೆ ಶುರುವಾಗುವಂತೆ ಮಾಡಿದಳು. ಅದು ಮತ್ತೆ ಟಿಕ್ ಎಂದಾಗ ಅವಳ ‘ಒಂ’ ಅದರ ಜೊತೆಗೇ ಬರಬೇಕು. ಅವಳು ಮೊದಲೇ ಬಂದುಬಿಟ್ಟಿದ್ದಳು.

“ಅದಿನ್ನೂ ದಾರೀಲಿದೆ, ನೀನು ಮನೆ ಸೇರಿ ಚಪ್ಪಲಿ ಬಿಟ್ಟಿದ್ದೀಯ!” ಅತ್ತೆ ನಕ್ಕರು.

ಅವಳು ನಗಲಿಲ್ಲ. ವೇಗ ಇನ್ನಷ್ಟು ತಗ್ಗಿಸಿ ಮೊದಲಿಂದ ಶುರುಮಾಡಿದಳು. ಹನ್ನೊಂದನೇ ಸಲ ಯಂತ್ರ, ಅವಳು ಇಬ್ಬರೂ ಒಟ್ಟಿಗೆ ಹೊಸ್ತಿಲು ದಾಟಿದರು. ಎದ್ದು ಕುಣಿಯಬೇಕೆನಿಸಿದರೂ ಏಳಲಿಲ್ಲ. ಇನ್ನೂ ಇಪ್ಪತ್ತು ಸಲ ಬಾರಿಸಿದಳು.

ಶನಿವಾರ ಬೆಳಿಗ್ಗೆ ಭಾವನ ಒಂದು ಬೆರಳು ಆ ಗುಂಡಿಯ ಪಕ್ಕದಲ್ಲೇ ಕಾದಿತ್ತು. ಹಾಡು ಶುರುವಾಯಿತು. ಮೂರನೇ ಸಾಲಿನಲ್ಲಿ ಅವಳ ಪೆಟ್ಟುಗಳು ಸಂದಿಸಂದಿಗೆ ಬಿದ್ದವು. ಸಾಲಿಗೆ ಜೀವ ಬಂದು ಪುಟಿಯಿತು. ಗಂಡ ಕಣ್ಣರಳಿಸಿ ಹಾಡಿದ. ಎಡವಿದ್ದು ಕೀಬೋರ್ಡು. ಇನ್ನೊಮ್ಮೆ ಶುರುಮಾಡಿದರು, ಅದೇ ಜಾಗದಲ್ಲಿ ಭಾವನ ಬೆರಳುಗಳು ಮತ್ತೆ ತೊಡರಿದವು. ಇಷ್ಟು ದಿನ ಅವನು ನುಡಿಸಿದ್ದು ಅವಳ ನೇರ ಪೆಟ್ಟಿಗೆ ಒರಗಿಕೊಂಡೇ.

ಅವನು ಹಣೆ ಒರೆಸಿಕೊಂಡ. “ನೀನು ಸರಿಯಾಗೇ ಹೊಡೀತಿದ್ದೀಯ, ಇಲ್ಲ ಅನ್ನಲ್ಲ. ಇನ್ನು ಆ ಗುಂಡಿ ಸುದ್ದಿಗೇ ಹೋಗಲ್ಲ. ಆದ್ರೆ ತಾಳ ಎಲ್ಲಿದೆ ಅಂತಾನೇ ನಂಗೆ ತಿಳೀತಿಲ್ಲ ಕಣಮ್ಮಾ. ಆ ಸಾಲಲ್ಲಿ ಮಾತ್ರ ಮೊದಲಿನ ಹಾಗೆ ನೆಟ್ಟಗೆ ಹೊಡೆದುಬಿಡು. ಒಂದೇ ಒಂದು ಸಾಲು, ತಾಯಿ.”

ಅವಳು ಕೋಲುಗಳನ್ನು ಸರಿಯಾಗಿ ಹಿಡಿದುಕೊಂಡಳು.

“ಹೊಡೆಯಲ್ಲ ಭಾವ. ನೀವು ಎಣಿಸ್ಕೊಳ್ಳಿ.”