ಉಪ್ಪುನೀರಿನ ಆಮದಾರ

ನೀಲಾವತಿ ಬಾವುಟದ ಒಂದು ತುದಿಯನ್ನು ಬಿಗಿಯಾಗಿ ಹಿಡಿದಿದ್ದಳು. ಇನ್ನೊಂದು ತುದಿ ಪಕ್ಷದ ವಿಭಾಗ ಅಧ್ಯಕ್ಷ ಸಾವಂತನ ಕೈಯಲ್ಲಿತ್ತು. ನಡುವೆ, ಐಸಿನ ಹಲಗೆಯ ಮೇಲೆ, ಅವಳ ಗಂಡ ಅಣ್ಣು ಸಾಲಿಯಾನ್ ಯಾವ ತಕರಾರೂ ಇಲ್ಲದೆ ಮಲಗಿದ್ದ.

"ವಹಿನಿ, ಬಿಡಿ. ಮಾಜಿ ಆಮದಾರರು ಬಾವುಟ ಇಲ್ಲದೆ ಹೋಗೋದು ಶೋಭಿಸೋದಿಲ್ಲ," ಎಂದ ಸಾವಂತ ಮರಾಠಿಯಲ್ಲಿ.

"ಕಳೆದ ಚುನಾವಣೆಗೆ ಟಿಕೆಟ್ ಕೊಡದಿದ್ದಾಗ ಶೋಭಿಸಿತ್ತಾ?" ಎಂದು ನೀಲಾವತಿಯೂ ಮರಾಠಿಯಲ್ಲೇ ಕೇಳಿದಳು.

ಸಾವಂತ ಕೈ ಬಿಟ್ಟ. ಬಾವುಟ ಅವಳ ಮಡಿಲಿಗೆ ಬಿತ್ತು. ಮುಂಬಯಿಯ ದಹಿಸರಿನ ಆ ಕಟ್ಟಡದ ಚಿಕ್ಕ ಕೋಣೆಯಲ್ಲಿ ನೆರೆದವರೆಲ್ಲ ಕಿಟಕಿಯ ಕಡೆ ನೋಡಿದರು. ಹೊರಗೆ ಜುಲೈ ತಿಂಗಳ ಮಳೆ ಹೊಯ್ಯುತ್ತಿತ್ತು. ಹಿಂದಿನ ಸಂಜೆ ಪರೇಲಿನ ಆಸ್ಪತ್ರೆಯಲ್ಲಿ ಅಣ್ಣುವಿನ ಹೃದಯ ನಿಂತುಹೋಗಿತ್ತು. ಸ್ಟೇಷನ್ ಪಕ್ಕದ ಚಾ-ತಿಂಡಿಯ ಹೋಟೆಲಿನವ, ಎಂಬತ್ತೈದರ ವಿಧಾನಸಭಾ ಚುನಾವಣೆಯಲ್ಲಿ ಎಲ್ಲರಿಗೂ ಆಶ್ಚರ್ಯವಾಗುವಂತೆ ಗೆದ್ದು ಒಂದು ಅವಧಿಗೆ ಆಮದಾರನಾದವ, ಮತ್ತೆ ಅದೇ ಹೋಟೆಲಿನ ಗಲ್ಲಾಕ್ಕೆ ಮರಳಿದವ.

"ಮಂತ್ರಿಗಳು ಬರ್ತಾರೆ. ಮಧ್ಯಾಹ್ನದವರೆಗೆ ಇಟ್ಟುಕೊಳ್ಳೋಣ," ಎಂದ ಸಾವಂತ, ಈ ಸಲ ಮೆತ್ತಗೆ.

ಬಾಗಿಲಲ್ಲಿ ಗೋಣಿಯ ಕೊಪ್ಪೆ ಹೊದ್ದು ನಿಂತಿದ್ದ ಹೀರಾಬಾಯಿ ಮ್ಹಾತ್ರೆ ತಲೆ ಅಲ್ಲಾಡಿಸಿದಳು. ಸಮುದ್ರದ ನೀರು ಒಳಗೆ ಹರಿದುಬರುವ ಖಾಡಿಯ ದಂಡೆಯಲ್ಲಿ ಭತ್ತ ಬೆಳೆಯುವವಳು. ಹೋಟೆಲಿಗೆ ಪಾಲಕ್, ಬದನೆ ತಂದು ಹಾಕುತ್ತಿದ್ದವಳು. "ಇವತ್ತು ದೊಡ್ಡ ಭರತಿ. ಸಮುದ್ರ ಮಂತ್ರಿಗೆ ಕಾಯೋದಿಲ್ಲ. ಮಸಣದ ರಸ್ತೆ ನೀರಲ್ಲಿ ಹೋಗ್ತದೆ."

ಮಗಳು ವಿನೋದಿನಿ ತಾಯಿಯ ಕಿವಿಯ ಹತ್ತಿರ ಬಾಗಿದಳು. "ಅಮ್ಮಾ, ಅವಳು ಹೇಳೋದು ಸಹಿ ಹೈ. ಜಲ್ದಿ ಹೋಗುವ."

"ಇಲ್ಲ," ಎಂದಳು ನೀಲಾವತಿ. "ಶಂಕ್ರೆಪ್ಪ ಬರ್ತಾರೆ. ರಾತ್ರಿ ಗಾಡಿ ಹತ್ತುತ್ತೇವೆ ಅಂತ ಫೋನ್ ಮಾಡಿದ್ದಾರಲ್ಲ, ಅವರು ಬರ್ಲಿ."

ಸಾವಂತನಿಗೆ ಆ ಹೆಸರು ಗೊತ್ತಿರಲಿಲ್ಲ. ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ ಕನ್ನಡ ಸಂಘದ ಸತ್ಯಮೂರ್ತಿಗೆ ಗೊತ್ತಿತ್ತು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು.

*

ನೀಲಾವತಿ ವಿಧಾನಸಭೆಯನ್ನು ನೋಡಿದ್ದು ಒಂದೇ ಸಲ. ಅಣ್ಣು ಪಾಸ್ ತಂದುಕೊಟ್ಟಿದ್ದ. ವಿನೋದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳು ಗ್ಯಾಲರಿಯಿಂದ ಕೆಳಗೆ ನೋಡುತ್ತಿದ್ದಳು. ಗಂಡ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಎದ್ದು ನಿಂತ.

ಅವನ ಮರಾಠಿಯಲ್ಲಿ ತುಳುವಿನ ರಾಗ ಇತ್ತು. ಅವನು ಮಾತಾಡಿದ್ದು ಉಪ್ಪುನೀರಿನ ಬಗ್ಗೆ. ದಹಿಸರಿನ ಗದ್ದೆಗಳಿಗೆ ಭರತಿಯ ಹೊತ್ತಿನಲ್ಲಿ ಸಮುದ್ರ ನುಗ್ಗುತ್ತದೆ. ಆಲಿಕಲ್ಲು ಬಿದ್ದರೆ ಬೆಳೆನಷ್ಟ ಅನ್ನುವ ಸರ್ಕಾರ ಉಪ್ಪು ನುಗ್ಗಿದರೆ ಏನೂ ಅನ್ನುವುದಿಲ್ಲ, ಯಾಕೆ? ಖಾಡಿಯ ದಂಡೆಯ ತಿವರ ಎಂಬ ಕಾಂಡ್ಲಾ ಗಿಡಗಳನ್ನು ಕಡಿದು ಮಣ್ಣು ತುಂಬಿ ಬಿಲ್ಡಿಂಗ್ ಕಟ್ಟುತ್ತಿದ್ದಾರೆ, ನಾಳೆ ನೀರನ್ನು ಯಾರು ತಡೆಯುತ್ತಾರೆ? ಆಮೇಲೆ ಅವನು ಇನ್ನೊಂದು ಮಾತು ಹೇಳಿದ: ಭೂಮಿಗೆ ಜ್ವರ ಬರುತ್ತಿದೆ ಎಂದು ತಿಳಿದವರು ಹೇಳುತ್ತಿದ್ದಾರೆ, ಸಮುದ್ರ ಇನ್ನೂ ಮೇಲೆ ಬರುತ್ತದಂತೆ, ಅದಕ್ಕೆ ಈಗಿನಿಂದಲೇ ಕಾನೂನು ಬೇಕು.

ಎದುರು ಸಾಲಿನಿಂದ ಒಬ್ಬ ಎದ್ದ. "ಬರಲಿ ಬಿಡಿ! ಆಮದಾರರ ಹೋಟೆಲಿಗೆ ಬಂಗಡೆ ಮೀನು ತಾನಾಗಿಯೇ ಈಜಿಕೊಂಡು ಬರುತ್ತದೆ!"

ಸದನ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ಅಣ್ಣುವಿಗೆ ಅಲ್ಲಿ ಬಿದ್ದ ಹೆಸರು ಉಪ್ಪುನೀರಿನ ಆಮದಾರ. ನೀಲಾವತಿಗೆ ಕಿವಿ ಬಿಸಿಯಾಯಿತು. ಆದರೆ ಅಣ್ಣುವೂ ಎಲ್ಲರೊಂದಿಗೆ ನಕ್ಕ. ನಗು ನಿಂತ ಮೇಲೆ, "ಬಂಗಡೆ ಬಂದೀತು ಸಾಹೇಬರೇ. ಅನ್ನ ಎಲ್ಲಿಂದ ತರೋಣ?" ಎಂದು ಕೇಳಿ, ಬಿಟ್ಟ ಜಾಗದಿಂದಲೇ ಮಾತು ಮುಂದುವರಿಸಿದ.

ಮರಳುವಾಗ ಲೋಕಲ್‌ನಲ್ಲಿ ಅವಳು ಮುಖ ಊದಿಸಿಕೊಂಡಿದ್ದಳು. "ಎಂತಕ್ಕೆ ಬೇಕಿತ್ತು ನಿಮಗೆ? ಕೋತಿ ಆಡಿಸಿದ ಹಾಗೆ ಆಡಿಸಿದ್ರಲ್ಲ ಎಲ್ಲ ಸೇರಿ."

"ನಕ್ಕದ್ದು ಒಳ್ಳೇದೇ ಆಯ್ತು ಮಾರಾಯ್ತಿ," ಎಂದ ಅಣ್ಣು. "ಅಲ್ಲಿ ಕೇಳಿದ್ದೆಲ್ಲ ಮರೀತಾರೆ. ನಕ್ಕದ್ದನ್ನು ಮರೆಯುವುದಿಲ್ಲ."

ಆಮೇಲೆ ಹೇಳಿದ: "ಊರಲ್ಲಿ ಅಪ್ಪನ ಗದ್ದೆಗೆ ಹೊಳೆಬಾಯಿಯಿಂದ ಉಪ್ಪುನೀರು ನುಗ್ಗಿತ್ತು. ಆಗ ಅಪ್ಪ ಕೆಸರಿಗೆ ನಾಲಗೆ ತಾಗಿಸಿ ನೋಡಿದ್ರು. ಮರುದಿನ ನನ್ನನ್ನು ಬೊಂಬಾಯಿಯ ಬೋಟು ಹತ್ತಿಸಿದ್ರು."

ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ಆ ಸಂಗತಿ ಆವತ್ತೇ ಗೊತ್ತಾದದ್ದು.

ಗಿಡ ಕಡಿಯಬಾರದೆಂಬ ಅವನ ಮಸೂದೆ ಚರ್ಚೆಗೇ ಬರದೆ ಬಿದ್ದುಹೋಯಿತು. ಉಪ್ಪಿನ ಮಾತನ್ನು ಮಾತ್ರ ಅವನು ಬಿಡಲಿಲ್ಲ. ಅಧಿವೇಶನದಿಂದ ಅಧಿವೇಶನಕ್ಕೆ, ಈ ಅಧಿಕಾರಿಯಿಂದ ಆ ಅಧಿಕಾರಿಗೆ, ಹೋಟೆಲಿನ ಗೋಳಿಬಜೆ ಕಟ್ಟಿಸಿಕೊಂಡು ಅಲೆದ. ಅವಧಿ ಮುಗಿಯುವ ಮುಂಚೆ ಬೆಳೆನಷ್ಟದ ನಿಯಮದಲ್ಲಿ 'ಸಮುದ್ರದ ನೀರು' ಎಂಬ ಎರಡು ಶಬ್ದ ಸೇರಿದವು. ಟಿಕೆಟ್ ತಪ್ಪಿದ ದಿನ ನೀಲಾವತಿ ಸಿಟ್ಟಿನಲ್ಲಿ, "ಐದು ವರ್ಷಕ್ಕೆ ಎರಡು ಶಬ್ದ," ಎಂದಿದ್ದಳು. ಅಣ್ಣು ಅಂಗಿ ತೊಟ್ಟು ಹೋಟೆಲಿನ ಗಲ್ಲಾಕ್ಕೆ ಹೊರಟಿದ್ದ.

*

ಹೀರಾಬಾಯಿ ಒಳಗೆ ಬಂದು ಹೆಣದ ಕಾಲ ಬಳಿ ಕುಳಿತಳು. ಸಾವಂತ ಹೊರಗೆ ಫೋನ್ ಹುಡುಕಿಕೊಂಡು ಹೋಗಿದ್ದ.

"ಹೋದ ವರ್ಷ ನಮ್ಮ ಕಟ್ಟೆ ಒಡೆಯಿತಲ್ಲ ವಹಿನಿ," ಎಂದಳು ಹೀರಾಬಾಯಿ. "ತಲಾಠಿ ಬಂದ. ನನ್ನ ಮಾವನ ಕಾಲದಿಂದ ಉಪ್ಪು ನುಗ್ತಾನೇ ಇದೆ, ಯಾವ ಸರ್ಕಾರದವನೂ ಕೆಸರಿಗೆ ಇಳಿದಿರಲಿಲ್ಲ. ಇವನು ಚಪ್ಪಲಿ ಕಳಚಿ ಇಳಿದ. ನಷ್ಟ ಅಂತ ಬರೆದುಕೊಂಡ. ಆ ದುಡ್ಡಲ್ಲೇ ಈ ಸಲ ನಾಟಿ ಮಾಡಿದ್ದು. ಇಲ್ಲದಿದ್ರೆ ಹೊಲ ಬಿಲ್ಡರ್‌ಗೆ ಹೋಗ್ತಿತ್ತು."

ನೀಲಾವತಿ ಅವಳನ್ನೇ ನೋಡಿದಳು. "ಇವರಿಗೆ ಹೇಳಿದ್ದೆಯಾ?"

"ಹೇಳದೆ? ಹೋಟೆಲಿಗೆ ಬಂದು ಹೇಳಿದೆ. ಚಾ ಕುಡಿ ಅಂದ್ರು. ಅಷ್ಟೇ."

ನೀಲಾವತಿಗೆ ಆಗ ಮೊದಲ ಬಾರಿಗೆ ಅಳು ಬಂತು. ತನಗೆ ಮಾತ್ರ ಅವನು ಇದನ್ನು ಹೇಳಿರಲಿಲ್ಲ. ಎರಡು ಶಬ್ದ ಎಂದು ತಾನು ಆಡಿದ ಮಾತು ಅವನ ಬಾಯಿ ಕಟ್ಟಿರಬೇಕು.

*

ಪಂಢರಪುರಕ್ಕೆ ಕರೆದುಕೊಂಡು ಹೋಗುತ್ತೇನೆಂದು ಹೊರಡಿಸಿ ಅಣ್ಣು ಅವಳನ್ನು ಮೊದಲು ಇಳಿಸಿದ್ದು ಸೊಲ್ಲಾಪುರದ ಆಚೆಯ ಒಂದು ಗಡಿಹಳ್ಳಿಯಲ್ಲಿ. ಎರಡೂ ರಾಜ್ಯಗಳಲ್ಲಿ ಗಡಿಯ ಗಲಾಟೆ ಕಾವೇರಿದ್ದ ಕಾಲ. ಬೆಂಕಿ, ಬಂದ್, ಬಸ್ಸಿಗೆ ಕಲ್ಲು. ಕನ್ನಡ ಮಾತಾಡುವ ಆಮದಾರ ಯಾರ ಕಡೆ ಎಂದು ಅಲ್ಲಿಯವರೂ ಇಲ್ಲಿಯವರೂ ಕೇಳುತ್ತಿದ್ದರು.

ಹಳ್ಳಿಯ ಶಂಕ್ರೆಪ್ಪ ಅವರನ್ನು ಹೊಲಕ್ಕೆ ಕರೆದೊಯ್ದ. ಕನ್ನಡ ರಾಜ್ಯದ ಕಡೆಯ ಕಾಲುವೆ ಗಡಿಕಲ್ಲಿನ ಹತ್ತಿರ ಬಂದು ಮುಗಿಯುತ್ತಿತ್ತು. ಉಳಿದ ನೀರು ಹಳ್ಳಕ್ಕೆ ಬಿದ್ದು ಹೋಗುತ್ತಿತ್ತು. ಕಲ್ಲಿನ ಈಚೆಗೆ ಶಂಕ್ರೆಪ್ಪನ ಕಬ್ಬು ನಿಂತಲ್ಲೇ ಹಳದಿಯಾಗುತ್ತಿತ್ತು.

"ನೀರು ಕೇಳಿದ್ರ ಗಡಿ ಒಪ್ಪಿದಂಗ ಆಕ್ಕೈತಿ ಅಂತಾರ್ರೀ ನಮ್ಮ ಸರ್ಕಾರದಾವ್ರು," ಎಂದ ಶಂಕ್ರೆಪ್ಪ. "ಕೊಟ್ರ ಒಪ್ಪಿದಂಗ ಆಕ್ಕೈತಿ ಅಂತಾರು ಅತ್ತಾಗಿನವ್ರು. ನೀರ ಮಾತ್ರ ಯಾರ್ನೂ ಕೇಳಂಗಿಲ್ಲ, ಹಳ್ಳಕ್ಕ ಹೊಂಟೈತಿ."

ಅಣ್ಣು ಎರಡೂ ಕಡೆಯ ಅಧಿಕಾರಿಗಳನ್ನು ಬೇವಿನ ಮರದಡಿಗೆ ಕರೆಸಿದ. ಇಬ್ಬರೂ ಬಂದರು, ಆದರೆ ಕಲ್ಲು ದಾಟಲು ಒಪ್ಪಲಿಲ್ಲ. ಕೊನೆಗೆ ಅಣ್ಣು ಶಾಲೆಯ ಬೆಂಚೊಂದನ್ನು ತರಿಸಿ, ಅರ್ಧ ಅತ್ತ ಅರ್ಧ ಇತ್ತ ಬರುವಂತೆ ಹಾಕಿಸಿದ. ನೀಲಾವತಿಗೆ ಚಾ ಮಾಡಲು ಹೇಳಿದ. ಚಾ ಬಂದ ಮೇಲೆ ಇಬ್ಬರೂ ಕೂತರು. ಬಿಸಿ ಲೋಟ ಹಿಡಿದುಕೊಂಡು ಎಷ್ಟು ಹೊತ್ತು ನಿಲ್ಲಲು ಸಾಧ್ಯ?

"ರಾಜ್ಯದ ಹೆಸರೇ ಬೇಡ," ಎಂದ ಅಣ್ಣು. "ಹೆಚ್ಚಾದ ನೀರನ್ನು ಕೆಳಗಿನ ಹೊಲಗಳಿಗೆ ಬಿಡುವುದು ಅಂತ ಬರೆಯಿರಿ. ಕೆಳಗಿನ ಹೊಲ ಅಂದ್ರೆ ಕೆಳಗಿನ ಹೊಲ. ಅದರಲ್ಲಿ ಗಡಿ ಎಲ್ಲುಂಟು?"

ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬ ನಕ್ಕ. ಇಬ್ಬರೂ ಸಹಿ ಹಾಕಿದರು. ಆ ಸಂಜೆಯೇ ನೀರು ಕಲ್ಲು ದಾಟಿತು. ಶಂಕ್ರೆಪ್ಪನ ಹೆಂಡತಿ ಲಕ್ಷ್ಮವ್ವ ಕಾಲುವೆಗೆ ಅರಿಶಿನ ಕುಂಕುಮ ಹಾಕಿ, ಉಳಿದದ್ದನ್ನು ನೀಲಾವತಿಯ ಹಣೆಗೆ ಹಚ್ಚಿದಳು.

ಮುಂಬಯಿಗೆ ಬಂದಾಗ ಹೋಟೆಲಿನ ಕನ್ನಡ ಬೋರ್ಡಿಗೆ ಯಾರೋ ಡಾಂಬರು ಬಳಿದಿದ್ದರು. ಮರುವಾರ ಕನ್ನಡ ಸಂಘದ ಸಭೆಯಲ್ಲಿ ಸತ್ಯಮೂರ್ತಿ ಎದ್ದು, "ಈ ಮನುಷ್ಯ ಗಡಿಯನ್ನೇ ಅಳಿಸಿ ಬಂದಿದ್ದಾನೆ ಕಣ್ರೀ," ಎಂದರು. ಅಣ್ಣುವನ್ನು ಉಪಾಧ್ಯಕ್ಷ ಸ್ಥಾನದಿಂದ ತೆಗೆದರು. ಪಂಢರಪುರದ ಪ್ರಸಾದವನ್ನು ಅವನು ಮರುದಿನ ಸತ್ಯಮೂರ್ತಿಯ ಮನೆಗೂ ಕೊಟ್ಟುಬಂದ.

*

ಶಂಕ್ರೆಪ್ಪ ಬಂದಾಗ ಮಳೆ ಸ್ವಲ್ಪ ಹಿಡಿದಿತ್ತು. ಜೊತೆಗೆ ಊರಿನ ಕೆಲವರಿದ್ದರು, ಪಟಗಗಳು ತೊಯ್ದು ತಲೆಗೆ ಅಂಟಿಕೊಂಡಿದ್ದವು.

"ಅವ್ವಾರ, ತಡಾ ಆತ್ರಿ. ದಾದರದಾಗ ಯಾವ ಗಾಡಿ ಹತ್ತಬೇಕಂತ ತಿಳೀಲಿಲ್ಲ," ಎಂದು ಹೇಳಿ ಅವನು ಅಣ್ಣುವಿನ ಪಾದ ಮುಟ್ಟಿದ. "ಹೆಗಲ ಕೊಡಾಕ ಬಂದೇವ್ರಿ. ಅತ್ತಾಗಿನವ್ರೂ ಬಂದಾರ."

ಅತ್ತಾಗಿನವರು ಯಾರು, ಇತ್ತಾಗಿನವರು ಯಾರು ಎಂದು ನೀಲಾವತಿಗೆ ತಿಳಿಯಲಿಲ್ಲ. ಎಲ್ಲ ಒಂದೇ ಥರ ನೆನೆದಿದ್ದರು. ಅವಳು ಎದ್ದಳು.

"ಎತ್ತಿ."

"ವಹಿನಿ, ಮಂತ್ರಿಗಳ ಗಾಡಿ ಜೋಗೇಶ್ವರಿ ದಾಟಿದೆಯಂತೆ," ಎಂದು ಸಾವಂತ ಓಡಿಬಂದ.

ನೀಲಾವತಿ ಮಡಿಲಲ್ಲಿದ್ದ ಬಾವುಟವನ್ನು ಅಚ್ಚುಕಟ್ಟಾಗಿ ಮಡಚಿ ಅವನ ಕೈಗಿಟ್ಟಳು. "ಅವರು ಬಂದ್ರೆ ಚಾ ಕೊಡಿ. ಹೋಟೆಲಿನವರಿಗೆ ಹೇಳಿದ್ದೇನೆ. ಇದನ್ನು ಜೋಪಾನ ಮಾಡಿ, ಒದ್ದೆಯಾಗ್ತದೆ."

ಹೀರಾಬಾಯಿ ಹೇಳಿದಂತೆಯೇ ಆಗಿತ್ತು. ಮಸಣದ ರಸ್ತೆಯ ಮೇಲೆ ಮಂಕು ಬಣ್ಣದ ನೀರು ತೊಡೆಯೆತ್ತರ ನಿಂತಿತ್ತು. ಆಂಬುಲೆನ್ಸಿನ ಚಾಲಕ ಕೈ ಚೆಲ್ಲಿದ. ಉಳಿದದ್ದು ಗದ್ದೆಗಳ ನಡುವಿನ ಕಟ್ಟೆಯ ದಾರಿ ಮಾತ್ರ.

"ಹೆಂಗಸರು ಇಲ್ಲಿಗೇ ನಿಲ್ಲಬೇಕಮ್ಮಾ," ಎಂದರು ಸತ್ಯಮೂರ್ತಿ ಮೆಲ್ಲಗೆ.

ವಿನೋದಿನಿ ಅದನ್ನು ಮರಾಠಿಯಲ್ಲಿ ಹೀರಾಬಾಯಿಗೆ ಹೇಳಿದಳು. "ಕಟ್ಟೆ ಎಲ್ಲಿ ಗಟ್ಟಿ, ಎಲ್ಲಿ ಕುಸೀತದೆ ಅಂತ ಗೊತ್ತಿರೋದು ನಮಗೆ," ಎಂದು ಹೀರಾಬಾಯಿ ಎಲ್ಲರಿಗಿಂತ ಮುಂದೆ ನಡೆದಳು. ಅವಳ ಹಿಂದೆ ಚಟ್ಟ, ಚಟ್ಟದ ಹಿಂದೆ ನೀಲಾವತಿ ಮತ್ತು ಮಗಳು. ಯಾರೂ ತಡೆಯಲಿಲ್ಲ.

ಒಂದಿಷ್ಟು ದೂರ ಹೋದ ಮೇಲೆ ಕಟ್ಟೆ ಕಿರಿದಾಯಿತು. ಒಬ್ಬನಿಗೆ ಮಾತ್ರ ಜಾಗ. ಹೊತ್ತವರು ನಿಂತರು. ಎರಡೂ ಬದಿಗೆ ಆಗಷ್ಟೇ ನಾಟಿ ಮಾಡಿದ ಗದ್ದೆ. ಎಳೆಯ ನೇಜಿ ನೀರಿನ ಮೇಲೆ ತಲೆ ಎತ್ತಿ ನಿಂತಿತ್ತು. ಶಂಕ್ರೆಪ್ಪ ಕೆಳಗೆ ನೋಡಿದ. ಬೆಳೆಯ ಮೇಲೆ ಕಾಲಿಡಲು ಅವನಿಗೆ ಮನಸ್ಸಾಗಲಿಲ್ಲ.

"ಇಳಿಯಬೇಡಿ," ಎಂದಳು ನೀಲಾವತಿ. "ಅವಳ ಹೊಲ ಅದು."

ಹೀರಾಬಾಯಿ ತಿರುಗಿ ನೋಡಿದಳು. ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು. "ಉತರಾ," ಎಂದು ಗಟ್ಟಿಯಾಗಿ ಕೂಗಿದಳು. "ಇಳಿಯಿರಿ! ತುಳಿಯಿರಿ! ಅವರದೇ ಗದ್ದೆ."

ಶಂಕ್ರೆಪ್ಪ ಒಂದು ಬದಿಗೆ ಇಳಿದ. ಅವನ ಎದುರು ಬದಿಗೆ ಹೆಗಲು ಬೇಕಿತ್ತು. ಸತ್ಯಮೂರ್ತಿ ಪಂಚೆ ಎತ್ತಿ ಕಟ್ಟಿ, ಚಪ್ಪಲಿಯನ್ನು ಕಟ್ಟೆಯ ಮೇಲೆ ಬಿಟ್ಟು, ಮೊಣಕಾಲಿನವರೆಗೆ ಕೆಸರಿಗೆ ಇಳಿದು ಹೆಗಲು ಕೊಟ್ಟರು. ಚಟ್ಟ ಒಮ್ಮೆ ಓಲಾಡಿ ನೇರವಾಯಿತು. ಮುಂದೆ ತಗಡಿನ ಮಾಡಿನ ಮಸಣ. ಅದರಾಚೆ ಉಳಿದ ಒಂದಿಷ್ಟು ತಿವರದ ಹಸಿರು, ಅದರ ಬುಡಕ್ಕೆ ಬಡಿಯುತ್ತಿದ್ದ ಖಾಡಿ.

ಕಟ್ಟೆ ಮತ್ತೆ ಅಗಲವಾದಲ್ಲಿ ನೀಲಾವತಿ ಹಿಂದಿರುಗಿ ನೋಡಿದಳು. ಚಟ್ಟ ಹೋದ ಉದ್ದಕ್ಕೂ ಗದ್ದೆಯ ಎರಡೂ ಬದಿ ಹೆಜ್ಜೆಯ ಗುಂಡಿಗಳು, ಕೆಸರಲ್ಲಿ ಒರಗಿದ ಸಸಿಗಳು. ಹೀರಾಬಾಯಿಯ ಸೊಸೆಯಂದಿರು ಆಗಲೇ ಗದ್ದೆಗೆ ಇಳಿದಿದ್ದರು. ಸೊಂಟ ಬಾಗಿಸಿ, ಒಂದೊಂದು ಹೆಜ್ಜೆಯ ಗುಂಡಿಯಲ್ಲೂ ಕೈಯಿಟ್ಟು, ಬಿದ್ದ ನೇಜಿಯನ್ನು ಎತ್ತಿ ಮತ್ತೆ ಊರುತ್ತ, ಚಟ್ಟದ ಹಿಂದೆಯೇ ಬರುತ್ತಿದ್ದರು.