ಗರ್ಭದೇವರು ಒಲೆಯಲ್ಲಿದ್ದ ದಿನ

ಬುದಾಯ್ ಕಡಲ ದಂಡೆಯಲ್ಲಿ ಸಿಂಪಿ ಬಿಡಿಸುವ ಹೆಂಗಸರು ಹೇಳುವ ಕಥೆ ಇದು. ಅತ್ತೆಯ ಹೆಸರನ್ನು ಕೆಲವರು ಬೇರೆ ಹೇಳುತ್ತಾರೆ; ಅವಳ ಮೌಢ್ಯದ ವಿಷಯದಲ್ಲಿ ಮಾತ್ರ ಪಾಠಾಂತರವಿಲ್ಲ.

ಸೋಲಾನಳ ಸೊಸೆ ಹುಯಿಬಿಯ ಚೊಚ್ಚಲ ಕೂಸು ತೀರಾ ಸಣ್ಣದಾಗಿ ಹುಟ್ಟಿ, ತಿಂಗಳು ತುಂಬುವ ಮುನ್ನವೇ ತೀರಿಕೊಂಡಿತ್ತು. ತಾಯಿಯ ಮೈಯಲ್ಲಿ ರಕ್ತವಿರಲಿಲ್ಲ, ಬಸಿರಾದ ಹೊಸತರಲ್ಲೇ ಬಂದಿದ್ದರೆ ಉಪಾಯವಿತ್ತು ಎಂದು ದವಾಖಾನೆಯ ದಾದಿ ಹೇಳಿದ್ದಳು. ಸೋಲಾನ್ ಒಪ್ಪಲಿಲ್ಲ. ಮೂರು ತಿಂಗಳು ತುಂಬುವ ಮೊದಲು ಬಸಿರಿನ ಸುದ್ದಿ ಬಾಯಿಬಿಟ್ಟರೆ ಬಸಿರಿಯ ಮನೆಯಲ್ಲಿ ನೆಲೆಸುವ ಗರ್ಭದೇವರು ಮುನಿದು ಕೂಸನ್ನು ಸೊರಗಿಸುತ್ತಾನೆ. ಯಾರೋ ಬಾಯಿಬಿಟ್ಟಿರಬೇಕು, ಅಷ್ಟೆ. ಇಷ್ಟು ಸಣ್ಣ ಮನಸ್ಸಿನ ದೇವರನ್ನು ಮನೆಯೊಳಗೆ ಸಾಕಿಕೊಂಡ ಕೀರ್ತಿ ನಮ್ಮದು.

ಹುಯಿಬಿ ಮತ್ತೆ ಬಸಿರಾದಳು. ಈ ಕೂಸಾದರೂ ಉಳಿಯಬೇಕೆಂಬುದೊಂದೇ ಅವಳ ಹಂಬಲ.

"ಬಾಯಿಗೆ ಬೀಗ ಹಾಕ್ಕೊಂಡಿರು. ದವಾಖಾನೇಲಿ ಹೇಳಿದ್ರೆ ಊರಿಗೆಲ್ಲ ಡಂಗುರ ಹೊಡೆದಂಗೆ," ಎಂದಳು ಸೋಲಾನ್.

"ಮೀನು ಮಾರೋಳಿಗೆ ನೀವೇ ಹೇಳಿದ್ರಂತಲ್ಲ, ಅತ್ತೆ?"

"ಹೇಳ್ಲಿಲ್ಲ ಕಣೇ. ಹೊಟ್ಟೆ ಸವರಿ ತೋರಿಸ್ದೆ. ಅದೂ ಒಂದು ಮಾತಾ?"

ಗರ್ಭದೇವರು ಒಂದೆಡೆ ನಿಲ್ಲುವವನಲ್ಲ. ಇಂದು ಬಾಗಿಲು, ನಾಳೆ ಮಂಚ, ನಾಡಿದ್ದು ಒಲೆ. ಅವನಿರುವ ವಸ್ತುವನ್ನು ಯಾರೂ ಅಲುಗಿಸಬಾರದು. ಪಂಚಾಂಗ ನೋಡಿ ಅವನ ಠಿಕಾಣಿಯನ್ನು ಸಾರುವುದು ಸೋಲಾನಳ ನಿತ್ಯದ ಅಧಿಕಾರವಾಗಿತ್ತು.

ಒಂದು ಬೆಳಿಗ್ಗೆ ಹುಯಿಬಿ ವಿನಯದಿಂದ ಕೇಳಿದಳು: "ಇವತ್ತು ಎಲ್ಲಿದಾನೆ, ಅತ್ತೆ?"

"ಒಲೇಲಿ. ಅದನ್ನ ಅಲ್ಲಾಡಿಸ್ಬೇಡ."

"ಹಂಗಾದ್ರೆ ದವಾಖಾನೇಲಿ ಇಲ್ಲ ಅಂತಾಯ್ತು. ಅಲ್ಲಿ ನಾನು ಹೇಳಿದ್ರೆ ಅವನಿಗೆ ಹೆಂಗೆ ಕೇಳುತ್ತೆ? ನೀವು ಇಲ್ಲೇ ಕೂತಿರಿ, ಅವನು ನನ್ನ ಹಿಂದೆ ಬರದಂಗೆ ನೋಡ್ಕೊಳ್ಳಿ."

ಪಂಚಾಂಗವನ್ನು ಸುಳ್ಳೆನ್ನುವಂತಿರಲಿಲ್ಲ. ಸೋಲಾನ್ ಮಣೆ ಹಾಕಿಕೊಂಡು, ಕಳ್ಳನನ್ನು ಕಾಯುವವಳಂತೆ ತಣ್ಣಗಿದ್ದ ಒಲೆಯನ್ನು ಕಾದಳು. ಸೊಸೆ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಮಾತ್ರೆಗಳನ್ನು ತಂದಳು. ಮುಂದಿನ ತಪಾಸಣೆಗಳಿಗೂ ಹೀಗೆಯೇ ಹೋದಳು. ಅತ್ತೆ ಮಂಚವನ್ನು ಕಾದಳು, ಬಾಗಿಲನ್ನು ಕಾದಳು. ಇಷ್ಟು ನಿಷ್ಠೆಯ ಕಾವಲು ಆ ಊರಿನ ಬ್ಯಾಂಕಿಗೂ ಇರಲಿಲ್ಲ.

ದಿನ ತುಂಬಿ ದವಾಖಾನೆಯಲ್ಲಿ ಹೆರಿಗೆಯಾಯಿತು. ದಾದಿ ಕೂಸನ್ನು ತಕ್ಕಡಿಯಲ್ಲಿ ಮಲಗಿಸಿ, "ಮೂರು ಕಿಲೋಗೂ ಮೇಲಿದೆ!" ಎಂದಳು.

"ಅಯ್ಯೋ, ತೂಕ ಬಾಯಲ್ಲಿ ಆಡ್ಬೇಡಮ್ಮ, ಕೂಸು ಇಳಿದು ಹೋಗುತ್ತೆ!" ಸೋಲಾನ್ ಅವಳ ಬಾಯಿಗೆ ಕೈ ಅಡ್ಡ ತಂದಳು.

"ನನಗೆ ಕೇಳಿಸ್ಲಿಲ್ಲ, ಅಕ್ಕಾ," ಎಂದಳು ಮಂಚದಿಂದ ಹುಯಿಬಿ. "ಇನ್ನೊಂದ್ಸಲ ಹೇಳಿ. ಗಟ್ಟಿಯಾಗಿ."