ದಫೇದಾರರ ಮೂಗು ತೋರಿಸಿದ ಕಳ್ಳ

ದಫೇದಾರರು ಕನ್ನಡಿ ಮುಂದೆ ನಿಂತು ಮೂಗಿನ ಕೂದಲು ಕತ್ತರಿಸಿಕೊಳ್ಳುತ್ತಿದ್ದರು. ಅದು ಸಾಮಾನ್ಯ ಮೂಗಲ್ಲ. ಓಡುವ ರೈಲಿನೊಳಗೆ ಕಳ್ಳನಿದ್ದರೆ ಪ್ಲಾಟ್‌ಫಾರಂ ಮೇಲಿದ್ದ ಅವರಿಗೆ ಸೀನು ಬರುತ್ತದೆಂದು ಠಾಣೆಯವರೆಲ್ಲ ಆಣೆ ಮಾಡಿ ಹೇಳುತ್ತಿದ್ದರು.

“ಹಾಲು ಸೀದು ಕರಕಲಾಯ್ತು, ಅದು ಮಾತ್ರ ಗೊತ್ತಾಗಲ್ಲ ನಿಮ್ಮ ಮೂಗಿಗೆ,” ಎಂದಳು ಹೆಂಡತಿ.

“ಹಾಲೇನು ಕಳ್ಳತನ ಮಾಡುತ್ತಾ?”

ಅವತ್ತು ಆ ಮೂಗು ಶಾಸನಸಭೆಯ ಸಮಿತಿಯ ಮುಂದೆ ಹಾಜರಾಗಬೇಕಿತ್ತು. ಹೊಸ ಮಸೂದೆ ಬಂದಿತ್ತು: ಬೀದಿಯಲ್ಲಿ ಯಾರನ್ನಾದರೂ ತಡೆದರೆ ಪೊಲೀಸರು ಕಾರಣವನ್ನು ಅವರ ಮುಖಕ್ಕೇ ಹೇಳಬೇಕು, ಮೈಬಣ್ಣ, ಕುಲ ಕಾರಣವಾಗಕೂಡದು. ಬಂದರಿನ ಕಡೆಯ ಗುಂಗುರುಗೂದಲಿನ ಕಪ್ಪು ಜನ ವರ್ಷಗಟ್ಟಲೆ ಕೇಳಿದ ಕಾನೂನು. ಅದನ್ನು ಬೀಳಿಸಲು ಪೊಲೀಸ್ ಇಲಾಖೆ ದಫೇದಾರರನ್ನು ಕಳಿಸಿತು.

“ಕಾರಣ ಹೇಳ್ತಾ ನಿಂತ್ರೆ ಕಳ್ಳ ಊರು ದಾಟಿರ್ತಾನಮ್ಮಾ,” ಎಂದರು ಅವರು ಸಮಿತಿಯ ಮುಂದೆ ನಿಂತು. “ಅನುಭವ ಅಂತ ಒಂದಿರುತ್ತೆ. ಮಗು ಕದ್ದೊಯ್ತಿದ್ದವನನ್ನ ಹಿಡಿದಿದ್ದೂ ಈ ಮೂಗೇ.”

ಸಮಿತಿಯ ಅಧ್ಯಕ್ಷೆ, ತಲೆ ನರೆತ ಹೆಂಗಸು, ಹೌದೆನ್ನುವಂತೆ ತಲೆಯಾಡಿಸಿದರು. “ಇರಬಹುದು. ಈಗ ನನ್ನ ಕೈಗಡಿಯಾರ ಕಾಣ್ತಿಲ್ಲ. ಈ ಕೋಣೇಲೇ ಯಾರೋ ತಗೊಂಡಿದಾರೆ. ಹುಡುಕಿಕೊಡ್ತೀರಾ?”

ದಫೇದಾರರು ಮೂಗು ಅರಳಿಸಿದರು. ಗುಮಾಸ್ತರು, ಪತ್ರಕರ್ತರು, ಆಕಳಿಸುತ್ತಿದ್ದ ಶಾಸಕರು. ಯೋಚಿಸುವ ಮೊದಲೇ ಬೆರಳು ಹಿಂದಿನ ಸಾಲಿಗೆ ಹೋಗಿತ್ತು. “ಏಯ್, ನೀನು!”

ಅಲ್ಲಿದ್ದ ಕಪ್ಪು ಮನುಷ್ಯ ಎದ್ದ. ಯಾರೂ ಹೇಳಲಿಲ್ಲ, ತಾನೇ ಗೋಡೆಗೆ ಮುಖ ಮಾಡಿ, ಕಾಲು ಅಗಲಿಸಿ, ಎರಡೂ ಕೈ ಮೇಲೆತ್ತಿದ, ಹಲ್ಲುಜ್ಜಿದಷ್ಟು ಸಲೀಸಾಗಿ.

“ಬೂಟೂ ಬಿಚ್ಬೇಕಾ ಸಾರ್?”

“ಅಯ್ಯೋ, ಅವರು ನಮ್ಮ ಹೊಸ ವಕೀಲರು ಕಣ್ರೀ!” ಇಲಾಖೆಯ ಸಾಹೇಬರು ದಫೇದಾರರ ಕಿವಿಯಲ್ಲಿ ಉಸುರಿದರು. “ಮಸೂದೆ ವಿರುದ್ಧ ವಾದ ಮಾಡೋಕೆ ನಾವೇ ಕರೆಸಿರೋದು!”

ಅಧ್ಯಕ್ಷೆ ತೋಳು ಸರಿಸಿದರು. ಗಡಿಯಾರ ಅವರ ಕೈಯಲ್ಲೇ ಇತ್ತು.

“ಕಾರಣ ಹೇಳಿ ದಫೇದಾರರೇ. ಅವರ ಮುಖಕ್ಕೆ.”

ದಫೇದಾರರಿಗೆ ಕಿವಿಯ ತುದಿವರೆಗೂ ಬಿಸಿಯೇರಿತು. ಇಷ್ಟು ವರ್ಷ ಹೀಗೆ ಗೋಡೆಗೆ ನಿಲ್ಲಿಸಿದ ಬೆನ್ನುಗಳು ನೆನಪಿದ್ದವು; ಒಂದರ ಮುಖವೂ ನೆನಪಿರಲಿಲ್ಲ.

“ಕಾರಣ ಇಲ್ಲಮ್ಮಾ,” ಎಂದರು ಕೊನೆಗೆ. “ಕಾನೂನು ಮಾಡಿಬಿಡಿ. ನನ್ನ ಪಾಡಿಗೆ ನನ್ನನ್ನ ಬಿಟ್ರೆ ನಾಳೆ ಮತ್ತೆ ಅಲ್ಲಿಗೇ ಹೋಗುತ್ತೆ ಈ ಬೆರಳು.”

ಸಾಹೇಬರು ಹಣೆ ಚಚ್ಚಿಕೊಂಡರು. ದಫೇದಾರರು ಅತ್ತ ನೋಡದೆ ಹಿಂದಿನ ಸಾಲಿಗೆ ನಡೆದರು. ಆ ಕೈಗಳು ಇನ್ನೂ ಮೇಲೆಯೇ ಇದ್ದವು, ಅಪ್ಪಣೆಗೆ ಕಾಯುತ್ತ.

“ಕೈ ಇಳಿಸಿ ಸಾರ್,” ಎಂದರು ದಫೇದಾರರು. ಇಡೀ ಸರ್ವೀಸಿನಲ್ಲಿ ಆಡದಿದ್ದ ಮಾತು. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಎರಡು ಸಲ ಹೇಳಬೇಕಾಯಿತು.